ದವಡೆ ಕೀಲಿನ ದ್ರವ: ಅದರಲ್ಲಿ ಸಲೈನ್ ಎಷ್ಟು ಎಂದು ನಾನು ಕೇಳಿರಲಿಲ್ಲ

ದಂತ ಕಾಲೇಜೊಂದರ ಲ್ಯಾಬಿನಲ್ಲಿ ನನ್ನ ಕೆಲಸ. ದವಡೆ ಕೀಲಿನ ತೊಂದರೆ ಇರುವವರ ಕೀಲಿನಿಂದ ತೆಗೆದ ದ್ರವ ನನ್ನ ಟೇಬಲ್ಲಿಗೆ ಬರುತ್ತದೆ. ಒಂದು ಅಧ್ಯಯನಕ್ಕಾಗಿ ಅದರಲ್ಲಿ ಐಎಲ್-6, ಟಿಎನ್‌ಎಫ್ ಆಲ್ಫಾ ಎಷ್ಟಿವೆ ಎಂದು ಎಲೈಸಾ ಎಂಬ ಪ್ರೋಟೀನು ಅಳೆಯುವ ಕಿಟ್‌ನಲ್ಲಿ ನೋಡುತ್ತೇನೆ. ಕೀಲಿನೊಳಗೆ ಉರಿಯೂತ ಇದ್ದರೆ ಹೆಚ್ಚುವ ಪ್ರೋಟೀನುಗಳು ಇವು.

ಮೊದಲ ವರ್ಷ ಎರಡು ಸ್ಯಾಂಪಲ್ ನನ್ನ ತಲೆ ಕೆಡಿಸಿದವು. ಒಬ್ಬ ಹೆಂಗಸಿಗೆ ಬಾಯಿಯಲ್ಲಿ ಎರಡು ಬೆರಳೂ ಹಿಡಿಸುತ್ತಿರಲಿಲ್ಲ. ರೊಟ್ಟಿ ಬಿಟ್ಟು ಗಂಜಿ ಕುಡಿಯುತ್ತಿದ್ದರು. ಅವರ ಐಎಲ್-6 ತೀರಾ ಕಡಿಮೆ ಬಂತು. ಬಾಯಿ ತೆರೆದರೆ ಕಟ್ ಎನ್ನುವ ಸದ್ದು ಬಿಟ್ಟು ಅಷ್ಟೇನೂ ನೋವಿಲ್ಲದ ಹುಡುಗನದು ಜಾಸ್ತಿ ಬಂತು. ಕಿಟ್ ಕೆಟ್ಟಿರಬೇಕು ಅಂದುಕೊಂಡೆ. ಪ್ರಮಾಣ ಮೊದಲೇ ಗೊತ್ತಿರುವ ಮಾದರಿಗಳಿಂದ ಬರೆಯುವ ಸ್ಟ್ಯಾಂಡರ್ಡ್ ಕರ್ವ್ ಸರಿಯಾಗಿಯೇ ಇತ್ತು. ಮತ್ತೆ ಹಾಕಿದೆ, ಅದೇ ಉತ್ತರ.

"ದ್ರವ ಹೇಗೆ ತೆಗೀತೀವಿ ಅಂತ ಒಂದ್ಸಲ ಬಂದು ನೋಡಿ" ಅಂದರು ಸರ್ಜನ್ ಮೇಡಂ.

ಹೋದೆ. ಊದಿದ ಮಂಡಿಯಿಂದ ಸಿರಿಂಜಿಗೆ ದ್ರವ ಎಳೆಯಬಹುದು. ದವಡೆಯಲ್ಲಿ ಹಾಗಲ್ಲ. ಸೂಜಿ ಹೋಗುವ ಮೇಲಿನ ಖಾನೆ ಹಿಡಿಸುವುದೇ ಸುಮಾರು 1 ಮಿಲಿಲೀಟರ್. ಒಳಗಿರುವುದು ಅಂಟಂಟಾದ ಹನಿಗಳು. ಮೇಡಂ ಕಿವಿಯಿಂದ ಕಣ್ಣಿನ ತುದಿಗೆ ಒಂದು ಗೆರೆ ಎಳೆದರು. ಕಿವಿಯ ಮುಂದೆ 10 ಮಿಲಿಮೀಟರ್, ಗೆರೆಯಿಂದ 2 ಮಿಲಿಮೀಟರ್ ಕೆಳಗೆ ಗುರುತು ಹಾಕಿ ಸೂಜಿ ಇಳಿಸಿದರು. ಸಲೈನ್ ತುಂಬಿ, ಬಾಯಿ ತೆರೆದು ಮುಚ್ಚಿಸಿ, ಮತ್ತೆ ಎಳೆದುಕೊಂಡರು. ನನಗೆ ಬರುತ್ತಿದ್ದದ್ದು ಬಹುಪಾಲು ಸಲೈನೇ!

"ಆ ಹೆಂಗಸಿಗೆ ಎಷ್ಟು ಸಲ ತುಂಬಿದ್ರಿ ಮೇಡಂ?"

"ಕೀಲು ಬಿಗಿಯಾಗಿತ್ತು. ನಾಲ್ಕೈದು ಸಲ."

ಹೆಂಗಸಿನ ದ್ರವ ಅಷ್ಟು ಸಲೈನಿನಲ್ಲಿ ತೆಳುವಾಗಿತ್ತು. ಹುಡುಗನಿಗೆ ಒಂದೇ ಸಲ. ಮೇಲಾಗಿ ಅವನ ಸ್ಯಾಂಪಲ್ ಗುಲಾಬಿ ಬಣ್ಣ ಇತ್ತು. ರಕ್ತ ಸೇರಿತ್ತು. ಅದನ್ನು ನೋಡಿಯೂ ಪರೀಕ್ಷೆಗೆ ಹಾಕಿದ್ದು ನನ್ನದೇ ತಪ್ಪು. ರಕ್ತದಲ್ಲಿರುವುದೂ ಲೆಕ್ಕಕ್ಕೆ ಬಂದುಬಿಡುತ್ತದೆ. ನೋವಿಗೆ ಸಂಬಂಧಿಸಿದ ಸೆರೊಟೋನಿನ್ ಎಂಬ ರಾಸಾಯನಿಕ ನೋಡುವಾಗಂತೂ ಇನ್ನೂ ಕಷ್ಟ, ಅದು ರಕ್ತದ ಪ್ಲೇಟ್‌ಲೆಟ್‌ಗಳಲ್ಲೇ ತುಂಬಿರುತ್ತದೆ.

ಈಗ ಸಲೈನಿಗೆ ಮೊದಲೇ ಬಿ12 ವಿಟಮಿನ್ ಬೆರೆಸಿ ಕೊಡುತ್ತೇವೆ. ಅದು ಕೆಂಪು. ಕೀಲಿನ ದ್ರವ ಸೇರಿದಷ್ಟು ಬಣ್ಣ ತೆಳುವಾಗುತ್ತದೆ. ಹೋಗುವಾಗ ಎಷ್ಟಿತ್ತು, ಬರುವಾಗ ಎಷ್ಟಾಯಿತು ಎಂದು ಬಣ್ಣದ ಗಾಢತೆ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ಓದಿದರೆ ನಿಜವಾದ ದ್ರವ ಎಷ್ಟು ಎಂದು ಗೊತ್ತಾಗುತ್ತದೆ. ಆದರೆ ಆ ಕೆಂಪಿನಲ್ಲಿ ರಕ್ತ ಮರೆಯಾಗಿಬಿಡುತ್ತದೆ, ಅಲ್ವಾ? ಹಾಗಾಗಿ ಸೆಂಟ್ರಿಫ್ಯೂಜ್‌ನಲ್ಲಿ ಜೋರಾಗಿ ತಿರುಗಿಸಿ ಟ್ಯೂಬಿನ ತಳ ನೋಡುತ್ತೇನೆ. ಕೆಂಪು ಗಸಿ ಇದ್ದರೆ ಆ ಸ್ಯಾಂಪಲ್ ಪಕ್ಕಕ್ಕೆ. ಇಷ್ಟೆಲ್ಲ ಮಾಡಿದರೂ ಇಂಥ ಮಟ್ಟ ದಾಟಿದರೆ ರೋಗ ಎಂದು ಎಲ್ಲರೂ ಒಪ್ಪಿದ ಗೆರೆ ಇನ್ನೂ ಇಲ್ಲ. ಅದಕ್ಕೇ ಒಂದೊಂದು ಸಂಖ್ಯೆಯೂ ಸರಿಯಿರಬೇಕು ಎಂಬ ಹಟ ನನಗೆ.

ಆ ಎರಡೂ ಫಲಿತಾಂಶಗಳನ್ನು ಅಧ್ಯಯನದಿಂದ ತೆಗೆದೆವು. ಹೆಂಗಸಿನ ಸ್ಯಾಂಪಲ್ ಎರಡು ಸಲದ ಪರೀಕ್ಷೆಯಲ್ಲೇ ಮುಗಿದಿತ್ತು. ಅಷ್ಟರಲ್ಲಿ ಕೀಲು ತೊಳೆದಿದ್ದರಿಂದ ಅವರ ಬಾಯಿ ಮೂರು ಬೆರಳು ತೆರೆಯುತ್ತಿತ್ತು. ನಮ್ಮ ಲೆಕ್ಕಕ್ಕಾಗಿ ಮತ್ತೊಮ್ಮೆ ಸೂಜಿ ಚುಚ್ಚಿಸಿಕೊಳ್ಳಿ ಎಂದು ಅವರನ್ನು ಕೇಳಲು ನನಗೆ ಮನಸ್ಸು ಬರಲಿಲ್ಲ.