ಕರಿಯನ ಪಾಠ ಎಲ್ಲಿಗೆ ಬಂತು: ಒಬ್ಬ ಹೊಟ್ಟೆಬಾಕ ಲ್ಯಾಬ್‌ನ ಕೆಲಸದ ಡೈರಿ

ಕೀಲಿಗೊಂಚಲು ಕೊನೆಗೂ ಕೈಗೆ ಬಂತು. ಹಿಂದಿನ ಸಲ ಬರೆದಾಗ ನಮ್ಮ ನಾಯಿ ಕರಿಯ ಅದನ್ನು ಮೂಸಿ, ಮುಖ ತಿರುಗಿಸಿ, ಪಕ್ಕದಲ್ಲಿ ಬಿದ್ದಿದ್ದ ಚಪ್ಪಲಿ ಕಚ್ಚಿಕೊಂಡು ಬರುತ್ತಿದ್ದ. ಈಗ ಕೀಲಿ ನೆಲಕ್ಕೆ ಬಿದ್ದ ಸದ್ದು ಕೇಳಿದರೆ ಎದ್ದು ಹೋಗುತ್ತಾನೆ, ಎತ್ತಿಕೊಂಡು ಬಂದು ಅಮ್ಮನ ಅಂಗೈಯಲ್ಲಿ ಇಡುತ್ತಾನೆ. ಜೊಲ್ಲು ಫ್ರೀ.

ಹೊಸಬರಿಗೆ ಎರಡು ಮಾತು. ಕರಿಯ ಕಪ್ಪು ಲ್ಯಾಬ್ರಡಾರ್ (ಚಿಕ್ಕದಾಗಿ ಲ್ಯಾಬ್), ಗಂಡು. ಅಮ್ಮನಿಗೆ ಬೆನ್ನು ಬಗ್ಗಿಸಲು ಆಗುವುದಿಲ್ಲ. ಏನಾದರೂ ಕೆಳಗೆ ಬಿದ್ದರೆ ನಾವು ಯಾರಾದರೂ ಬರುವವರೆಗೆ ಅಲ್ಲೇ ಬಿದ್ದಿರಬೇಕು. ಅದನ್ನು ಇವನೇ ಎತ್ತಿಕೊಟ್ಟರೆ ಹೇಗೆ ಅಂತ ಶುರುವಾದ ಕೆಲಸ ಇದು. ಜೊತೆಗೆ ನನ್ನ ಖುಷಿಗೆ ವಾಸನೆ ಹುಡುಕುವ ಆಟವನ್ನೂ ಸೇರಿಸಿಕೊಂಡೆ. ಇವನು ಸರಿಯಾದ ತರಬೇತಿ ಪಡೆದ ಸಹಾಯಕ ನಾಯಿ ಅಲ್ಲ, ಆ ಆಸೆಯೂ ನನಗಿಲ್ಲ. ಮನೆ ನಾಯಿಗೆ ನಾಲ್ಕು ಕೆಲಸ ಬಂದರೆ ಸಾಕು.

"ಲ್ಯಾಬೇ ಯಾಕೆ, ಬೇರೆ ನಾಯಿ ಕಲಿಯಲ್ವಾ?" ಅಂತ ಕೇಳುವವರಿದ್ದಾರೆ. ಕಲಿಯುತ್ತವೆ. ಬಾರ್ಡರ್ ಕಾಲಿ ತಳಿಯ ನಾಯಿಗೆ ಕಲಿಸಿದ್ದರೆ ಇವನಿಗಿಂತ ಬೇಗ ಕಲಿಯುತ್ತಿತ್ತೇನೋ. ಲ್ಯಾಬ್ ಅಂದರೆ ಸಾಧು, ಬುದ್ಧಿವಂತ, ಮಕ್ಕಳ ಜೊತೆ ಹೊಂದಿಕೊಳ್ಳುತ್ತೆ ಅಂತ ಎಲ್ಲರೂ ಹೇಳುತ್ತಾರೆ, ಸುಳ್ಳೇನಲ್ಲ. ಆದರೆ ಇವನ ಜೊತೆ ನೆಲದ ಮೇಲೆ ಕೂತು ಪಾಠ ಮಾಡುತ್ತಾ ಮಾಡುತ್ತಾ ನನಗೆ ಗಟ್ಟಿಯಾಗಿ ಅನಿಸಿದ್ದು ಬೇರೆಯೇ. ಲ್ಯಾಬ್ ಸಾಕಿದವರೆಲ್ಲ ಗೊಣಗುವ ಆ ತೀರದ ಹಸಿವು ಇದೆಯಲ್ಲ, ಈ ತಳಿಯಲ್ಲಿ ಮನುಷ್ಯನಿಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದಿರುವುದು ಅದೇ.

ಕೀಲಿ

ನಾಯಿಗಳಿಗೆ ಲೋಹ ಕಚ್ಚುವುದು ಇಷ್ಟ ಇಲ್ಲ. ತಣ್ಣಗಿರುತ್ತೆ, ಹಲ್ಲಿಗೆ ತಾಗಿ ಕಟಕಟ ಅನ್ನುತ್ತೆ. ಅದಕ್ಕೇ ಕೀಲಿಗೊಂಚಲನ್ನು ಹಳೆ ಕಾಲುಚೀಲದೊಳಗೆ ತುರುಕಿ ಗಂಟು ಹಾಕಿದೆ. ಕಾಲುಚೀಲ ಅಂದರೆ ಇವನಿಗೆ ಪ್ರಾಣ. ಆಮೇಲೆ ಆಗಾಗ ಕತ್ತರಿ ಹಿಡಿದು ಕಾಲುಚೀಲವನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ಬಂದೆ, ಒಂದೊಂದೇ ಕೀಲಿ ಹೊರಗೆ ಇಣುಕಿತು, ಅವು ನಾಲಿಗೆಗೆ ತಾಗುವುದು ಅಭ್ಯಾಸ ಆಯಿತು. ಈಗ ರಿಂಗಿಗೆ ಕಟ್ಟಿದ ಒಂದು ಬಟ್ಟೆ ಚೂರು ಮಾತ್ರ ಉಳಿದಿದೆ. ಅದನ್ನು ಬಿಚ್ಚುವುದಿಲ್ಲ. ಹಿಡಿಯಲು ಅನುಕೂಲ, ಹಲ್ಲೂ ಸವೆಯುವುದಿಲ್ಲ.

ಪಾಠವನ್ನು ಬಾಲದಿಂದ ತಲೆಗೆ ಕಲಿಸಿದೆ. ಅಂದರೆ ಮೊದಲು ಕಲಿಸಿದ್ದು ಕೊನೆಯ ಹೆಜ್ಜೆ: ಬಾಯಲ್ಲಿರುವುದನ್ನು "ಕೊಡು" ಅಂದಾಗ ಅಂಗೈಯಲ್ಲಿ ಬಿಡುವುದು, ಬಿಟ್ಟ ತಕ್ಷಣ ಕ್ಲಿಕ್ಕರ್ (ಒತ್ತಿದರೆ ಕ್ಲಿಕ್ ಅನ್ನುವ ಪುಟ್ಟ ಸಾಧನ) ಸದ್ದು, ಒಂದು ಕಾಳು ಆಹಾರ. ಅದು ಪಕ್ಕಾ ಆದ ಮೇಲೆ ನನ್ನ ಮೊಣಕಾಲ ಮೇಲಿಟ್ಟದ್ದನ್ನು ಎತ್ತಿ ಕೊಡುವುದು. ಆಮೇಲೆ ನೆಲದಿಂದ, ಆಮೇಲೆ ಒಂದು ಹೆಜ್ಜೆ ಆಚೆಯಿಂದ, ಹೀಗೆ ಕೋಣೆಯ ಆ ಮೂಲೆಯವರೆಗೆ. ಹೀಗೆ ಮಾಡಿದರೆ ನಾಯಿ ಯಾವಾಗಲೂ ಗೊತ್ತಿಲ್ಲದ ಕಡೆಯಿಂದ ಗೊತ್ತಿರುವ ಕಡೆಗೆ ಬರುತ್ತಿರುತ್ತದೆ, ಕೂಲಿ ಎಲ್ಲಿ ಸಿಗುತ್ತೆ ಅಂತ ಅದಕ್ಕೆ ಮೊದಲೇ ಗೊತ್ತು. ತಲೆಯಿಂದ ಶುರು ಮಾಡಿದರೆ ಮೊದಲು ಎತ್ತಿಕೊಳ್ಳುವುದನ್ನು ಕಲಿಯುತ್ತದೆ, ಎತ್ತಿಕೊಂಡು ಸೋಫಾ ಕೆಳಗೆ ಹೋಗಿ ಕೂರುತ್ತದೆ.

ಅಮ್ಮನ ಕನ್ನಡಕದ ಪೆಟ್ಟಿಗೆ, ಪೆನ್ನು, ಕರವಸ್ತ್ರ, ಚೀಟಿ ಎಲ್ಲ ಬರುತ್ತಿವೆ. ಚೀಟಿ ಒದ್ದೆ ಆಗುತ್ತೆ, ಹರಿಯುವುದಿಲ್ಲ. ಕನ್ನಡಕದ ಪೆಟ್ಟಿಗೆಯನ್ನು ಬೆಳಕಿಗೆ ಹಿಡಿದು ನೋಡಿದೆ, ಒಂದು ಹಲ್ಲಿನ ಗುರುತಿಲ್ಲ. ಮಾತ್ರೆ ಮಾತ್ರ ಅವನ ಪಾಠದಲ್ಲಿ ಇಲ್ಲ, ಇರಲೂ ಬಾರದು. ಅದು ಬಿದ್ದರೆ "ಬಿಡು" ಅನ್ನುವುದೊಂದೇ ಪಾಠ.

ಆ ಮೆತ್ತನೆ ಬಾಯಿ ನನ್ನ ಪಾಠದಿಂದ ಬಂದದ್ದಲ್ಲ. ಹೆಸರು ಲ್ಯಾಬ್ರಡಾರ್ ಆದರೂ ಈ ನಾಯಿಯ ಮೂಲ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪ. ಅಲ್ಲಿನ ಮೀನುಗಾರರ ಹತ್ತಿರ ಸೇಂಟ್ ಜಾನ್ಸ್ ನಾಯಿ ಅನ್ನುವ ಗಿಡ್ಡ ಕೂದಲಿನ, ನೀರಿಗೆ ಹೆದರದ ಕರಿ ನಾಯಿಗಳಿದ್ದವು, ಬಲೆ ಹಗ್ಗ ಎಳೆದು ತರುವುದು, ತಪ್ಪಿಸಿಕೊಂಡ ಮೀನು ಹಿಡಿದು ತರುವುದು ಅವುಗಳ ಕೆಲಸ. ಮೀನಿನ ಹಡಗುಗಳ ಜೊತೆ ಇಂಗ್ಲೆಂಡಿನ ಪೂಲ್ ಬಂದರಿಗೆ ಬಂದವು. ಮಾಮ್ಸ್‌ಬರಿಯ ಅರ್ಲ್‌ಗಳು ಅನ್ನುವ ಶ್ರೀಮಂತ ಮನೆತನದವರು ಅವನ್ನು ಬೇಟೆಗೆ ಸಾಕಿದರು, 1880ರ ದಶಕದಲ್ಲಿ ಅವರ ಕೆಲವು ನಾಯಿಗಳು ಸ್ಕಾಟ್‌ಲೆಂಡಿನ ಬಕ್ಲೂ ಡ್ಯೂಕ್ ಮನೆ ಸೇರಿದವು, ಇವತ್ತಿನ ಲ್ಯಾಬ್‌ಗಳ ವಂಶ ಬೆಳೆದದ್ದು ಅಲ್ಲಿಂದ. ನಾಯಿ ತಳಿಗಳ ದಾಖಲೆ ಇಡುವ ಬ್ರಿಟನ್ನಿನ ಕೆನಲ್ ಕ್ಲಬ್ ಇದನ್ನು ತಳಿ ಅಂತ ಒಪ್ಪಿಕೊಂಡದ್ದು 1903ರಲ್ಲಿ. ಗುಂಡು ತಾಗಿ ಬಿದ್ದ ಹಕ್ಕಿಯನ್ನು ಜಜ್ಜದೆ ತಂದುಕೊಡುವ ನಾಯಿಗೇ ಮರಿ ಹಾಕಿಸುತ್ತಾ ಹೋದರು. ಆ ಬಾಯಿ ಈಗ ಅಮ್ಮನ ಕನ್ನಡಕ ಎತ್ತುತ್ತಿದೆ.

ಹಸಿವು

ಈಗ ನನ್ನ ಮುಖ್ಯ ಮಾತು. 2016ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಎಲಿನರ್ ರಫನ್ ಮತ್ತು ಜೊತೆಗಾರರು ಲ್ಯಾಬ್‌ಗಳಲ್ಲಿ ಪಿಒಎಂಸಿ ಅನ್ನುವ ಜೀನ್‌ನಲ್ಲಿ ಡಿಎನ್‌ಎಯ 14 ಅಕ್ಷರ ಬಿಟ್ಟುಹೋಗಿರುವುದನ್ನು ಕಂಡುಹಿಡಿದರು. ಹೊಟ್ಟೆ ತುಂಬಿತು, ಸಾಕು ಅಂತ ಮೆದುಳಿಗೆ ಹೇಳುವ ಸರಪಳಿಯಲ್ಲಿ ಈ ಜೀನ್‌ಗೆ ಪಾತ್ರ ಇದೆ. ಅದು ಮುರಿದರೆ ನಾಯಿ ದಪ್ಪ ಆಗುತ್ತದೆ, ಊಟದ ಹಿಂದೆ ಬೀಳುತ್ತದೆ. ಸಾಮಾನ್ಯ ಲ್ಯಾಬ್‌ಗಳಲ್ಲಿ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಈ ತೊಂದರೆ ಇದೆ. ಸಹಾಯಕ ನಾಯಿಗಳ ತಳಿಗೆಂದು ಇಟ್ಟುಕೊಂಡಿದ್ದ ಲ್ಯಾಬ್‌ಗಳನ್ನು ಪರೀಕ್ಷಿಸಿದಾಗ ಎಷ್ಟಕ್ಕಿತ್ತು ಗೊತ್ತಾ? ಶೇಕಡ 76.

ಈ ಅಂಕಿ ಓದಿ ಸ್ವಲ್ಪ ಹೊತ್ತು ಕರಿಯನ ಮುಖವನ್ನೇ ನೋಡುತ್ತಾ ಕೂತೆ. ಯಾರೂ ಬೇಕಂತ ಹಸಿದ ನಾಯಿಯನ್ನು ಆರಿಸಿರಲಿಕ್ಕಿಲ್ಲ. ಕಲಿಸಲು ಸುಲಭ ಅನ್ನಿಸಿದ್ದನ್ನು ಆರಿಸುತ್ತಾ ಹೋದರು, ಸುಲಭ ಅನ್ನಿಸಿದ್ದು ತುತ್ತಿಗಾಗಿ ಏನು ಬೇಕಾದರೂ ಮಾಡುವ ನಾಯಿ. ಸಂಶೋಧಕರ ಊಹೆಯೂ ಇದೇ.

2024ರ ಇನ್ನೊಂದು ಅಧ್ಯಯನ ಇನ್ನೂ ಮಜವಾಗಿದೆ. ನಾಯಿಗೆ ಬೆಳಗಿನ ಊಟ ಹಾಕಿ, ಮೂರು ಗಂಟೆ ಬಿಟ್ಟು, ಪಾರದರ್ಶಕ ಡಬ್ಬಿಯಲ್ಲಿ ಸಾಸೇಜ್ ಇಟ್ಟು ಮುಂದೆ ಇಟ್ಟರು. ಮುಚ್ಚಳದಲ್ಲಿ ತೂತು. ಕಾಣುತ್ತೆ, ವಾಸನೆ ಬರುತ್ತೆ, ಸಿಗುವುದಿಲ್ಲ. ಜೀನ್ ಮುರಿದ ನಾಯಿಗಳು ಬೇರೆಯವಕ್ಕಿಂತ ಜಾಸ್ತಿ ಡಬ್ಬಿಯ ಹಿಂದೆ ಬಿದ್ದವು. ಹಾಗಂತ ಹೊಟ್ಟೆ ತುಂಬಲು ಅವುಗಳಿಗೆ ಬೇರೆಯವಕ್ಕಿಂತ ಜಾಸ್ತಿ ಊಟ ಬೇಕಿರಲಿಲ್ಲ. ಎರಡು ಊಟದ ನಡುವೆ ಬೇಗ ಹಸಿವಾಗುತ್ತೆ, ಅಷ್ಟೇ. ಸುಮ್ನೆ ಮಲಗಿದಾಗ ದೇಹ ಖರ್ಚು ಮಾಡುವ ಶಕ್ತಿಯೂ ಸುಮಾರು ಶೇಕಡ 25 ಕಡಿಮೆ. ಎರಡೂ ಕಡೆಯಿಂದ ಪೆಟ್ಟು, ಪಾಪ.

ಕರಿಯನ ಜೀನ್ ಪರೀಕ್ಷೆ ಮಾಡಿಸಿಲ್ಲ. ಮಾಡಿಸಿ ಏನು ಮಾಡಲಿ? ಆಹಾರದ ಡಬ್ಬದ ಮುಚ್ಚಳ ಸಡಿಲಿಸಿದರೆ ಆಚೆ ಕೋಣೆಯಲ್ಲಿ ಗೊರಕೆ ನಿಲ್ಲುತ್ತದೆ.

ಪಾಠಕ್ಕೆ ಇದರ ಲಾಭ ಏನು ಅಂದರೆ, ಆಟದ ಚೆಂಡಿಗೆ ದುಡಿಯುವ ನಾಯಿಗೆ ಪ್ರತಿ ಸಲ ಚೆಂಡು ಕೊಟ್ಟು, ಆಡಿಸಿ, ವಾಪಸ್ ಇಸಿದುಕೊಂಡು, ಅದರ ಉದ್ವೇಗ ಇಳಿಯುವವರೆಗೆ ಕಾಯಬೇಕು. ಕಾಳು ಆಹಾರಕ್ಕೆ ದುಡಿಯುವ ನಾಯಿ ನುಂಗಿದ ತಕ್ಷಣ ಮತ್ತೆ ತಯಾರು. ಅಷ್ಟೇ ಹೊತ್ತಲ್ಲಿ ಎಷ್ಟೋ ಪಟ್ಟು ಜಾಸ್ತಿ ಸಲ ಅಭ್ಯಾಸ ಆಗುತ್ತದೆ. ಊಟಕ್ಕೆ ಮುಖ ತಿರುಗಿಸುವ ನಾಯಿಗೆ ಕಲಿಸಿ ನೋಡಿ, ಗೊತ್ತಾಗುತ್ತೆ.

ಆದರೆ ಲೆಕ್ಕ ಇಡಲೇಬೇಕು. ಬೆಳಿಗ್ಗೆ ಇಡೀ ದಿನದ ಆಹಾರ ತೂಕ ಮಾಡಿ ಒಂದು ಡಬ್ಬಿಗೆ ಹಾಕುತ್ತೇನೆ. ಪಾಠದ ಕೂಲಿ ಅದರಿಂದಲೇ, ಉಳಿದದ್ದು ತಟ್ಟೆಗೆ. ಮನೆಯಲ್ಲಿ ಯಾರೇ ಕೊಟ್ಟರೂ ಆ ಡಬ್ಬಿಯಿಂದಲೇ ಕೊಡಬೇಕು. ಅಮ್ಮನ ಕೈಯಿಂದ ಕಳ್ಳದಾರಿಯಲ್ಲಿ ಹೋಗುವುದು ಈಗಲೂ ನಿಂತಿಲ್ಲ, "ಎಷ್ಟು ಚೆನ್ನಾಗಿ ತಂದುಕೊಟ್ಟ, ಬರಿಗೈಲಿ ಕಳಿಸೋದಾ?" ಅನ್ನುತ್ತಾರೆ. 2002ರಲ್ಲಿ ಪ್ರಕಟವಾದ ಪ್ಯೂರಿನಾ ಕಂಪನಿಯ ಅಧ್ಯಯನವನ್ನು ಅವರಿಗೆ ಓದಿ ಹೇಳಿದೆ. 48 ಲ್ಯಾಬ್‌ಗಳನ್ನು ಮರಿಯಿಂದ ಸಾಯುವವರೆಗೆ ನೋಡಿಕೊಂಡರು. ಎರಡೆರಡನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇಕಡ 25 ಕಡಿಮೆ ಊಟ. ಕಡಿಮೆ ತಿಂದವು ಸುಮಾರು ಎರಡು ವರ್ಷ ಜಾಸ್ತಿ ಬದುಕಿದವು, ಕೀಲುನೋವೂ ತಡವಾಗಿ ಬಂತು. ಅಮ್ಮ ಕೇಳಿಸಿಕೊಂಡರು. ಕರಿಯನ ಕಡೆ ನೋಡಿದರು. ಒಂದು ಕಾಳನ್ನು ಮುರಿದು ಅರ್ಧ ಕೊಟ್ಟರು. ಅರ್ಧ ಗೆಲುವು ಅಂದುಕೊಂಡೆ.

ಪಕ್ಕೆಲುಬು ಕೈಗೆ ಸಿಗುತ್ತವೆ, ಮೇಲಿಂದ ನೋಡಿದರೆ ಸೊಂಟ ಕಾಣುತ್ತೆ. ಸದ್ಯಕ್ಕೆ ತೂಕ ಹದದಲ್ಲಿದೆ.

ಮೂಗು

ವಾಸನೆ ಆಟದ ಪ್ರಗತಿ ನಿಧಾನ, ಆದರೆ ನನಗೆ ಇದೇ ಜಾಸ್ತಿ ಇಷ್ಟ. ಲವಂಗದ ಎಣ್ಣೆ ತಾಗಿಸಿದ ಹತ್ತಿಯನ್ನು ತೂತು ಕೊರೆದ ಪುಟ್ಟ ಡಬ್ಬಿಯಲ್ಲಿಟ್ಟು ಮುಚ್ಚುತ್ತೇನೆ. ಎಣ್ಣೆ ಅವನ ನಾಲಿಗೆಗೆ ಸಿಗಬಾರದು, ಅದಕ್ಕೇ ಡಬ್ಬಿ. ಒಂದೇ ಥರದ ರಟ್ಟಿನ ಪೆಟ್ಟಿಗೆಗಳ ಸಾಲಿನಲ್ಲಿ ಯಾವುದೋ ಒಂದರೊಳಗೆ ಅದು ಇರುತ್ತದೆ. "ಹುಡುಕು" ಅಂದರೆ ಶುರು.

ಹತ್ತಿರ ಕೂತು ಗಮನಿಸಿದರೆ ಮೂಗು ಮಾಡುವ ಕೆಲಸ ಕಣ್ಣಿಗೆ ಕಾಣುತ್ತದೆ. ಮೂಸುವುದು ಅಂದರೆ ಸೆಕೆಂಡಿಗೆ ಐದಾರು ಸಲ ಚಿಕ್ಕ ಚಿಕ್ಕದಾಗಿ ಉಸಿರೆಳೆಯುವುದು. ಬಿಡುವ ಉಸಿರು ಮುಂದಕ್ಕೆ ಬರದೆ ಮೂಗಿನ ಹೊಳ್ಳೆಯ ಪಕ್ಕದ ಸೀಳಿನಿಂದ ಹಿಂದಕ್ಕೆ ಹೋಗುತ್ತದೆ, ಹಾಗಾಗಿ ಮುಂದಿರುವ ವಾಸನೆ ಚದುರುವುದಿಲ್ಲ. ಪೆಟ್ಟಿಗೆಯ ಅಂಚಿನ ಧೂಳು ಎರಡು ಪಕ್ಕಕ್ಕೆ ಹಾರುವುದು ಬಿಸಿಲಿಗೆ ನೋಡಿದರೆ ಚೆನ್ನಾಗಿ ಕಾಣುತ್ತೆ. ಕರಿಯ ಸರಿಯಾದ ಪೆಟ್ಟಿಗೆ ದಾಟಿ ಮುಂದೆ ಹೋದಾಗ, ಯಾರೋ ಹಗ್ಗ ಎಳೆದ ಹಾಗೆ ತಲೆ ಗಕ್ಕನೆ ಹಿಂದಕ್ಕೆ ತಿರುಗುತ್ತದೆ. ಬಾಲದ ಬೀಸು ಬದಲಾಗುತ್ತದೆ. ಮೂಸುವ ಸದ್ದು ಜೋರಾಗಿ, ಬಾಯಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಕೂತು ನನ್ನ ಜೇಬನ್ನು ನೋಡುತ್ತಾನೆ. ಪೆಟ್ಟಿಗೆಯನ್ನು ನೋಡಬೇಕು, ಜೇಬನ್ನಲ್ಲ, ಅದನ್ನು ಇನ್ನೂ ತಿದ್ದುತ್ತಿದ್ದೇನೆ. ಅದಕ್ಕೆ ಕೂಲಿಯನ್ನು ಈಗ ಪೆಟ್ಟಿಗೆಯ ಬಾಯಲ್ಲೇ ಕೊಡುತ್ತೇನೆ, ಕೈಯಿಂದ ಕೊಡುವುದಿಲ್ಲ.

ಮೂಗು ಎಲ್ಲ ನಾಯಿಗೂ ಇದೆ, ಬ್ಲಡ್‌ಹೌಂಡ್ ಮೂಗಿನ ಮುಂದೆ ಲ್ಯಾಬ್ ಯಾವ ಲೆಕ್ಕ? ಆದರೆ ಮೂಗಿನ ಜೊತೆ ಮಾತು ಕೇಳುವ ಗುಣ, ಗಲಾಟೆಯಲ್ಲೂ ತಣ್ಣಗಿರುವ ಸ್ವಭಾವ, ಅಪರಿಚಿತರ ಮೇಲೆ ಸಿಟ್ಟಾಗದಿರುವುದು ಎಲ್ಲ ಒಂದೇ ನಾಯಿಯಲ್ಲಿ ಸಿಗುವುದು ಕಷ್ಟ. 2005ರಲ್ಲಿ ಕಾಬೂಲ್‌ನಲ್ಲಿ ಒಂದು ಸ್ಫೋಟ ಆದ ಮೇಲೆ, ಅದೇ ಜಾಗದಲ್ಲಿ ಕಾಂಕ್ರೀಟ್ ಗೋಡೆಯ ಆಚೆ ಬಚ್ಚಿಟ್ಟಿದ್ದ ಎರಡನೇ ಬಾಂಬನ್ನು ಮೂಸಿ ಹಿಡಿದದ್ದು ಬ್ರಿಟಿಷ್ ಸೇನೆಯ ಸೇಡಿ ಅನ್ನುವ ಕಪ್ಪು ಲ್ಯಾಬ್. 2007ರಲ್ಲಿ ಅದಕ್ಕೆ ಡಿಕಿನ್ ಪದಕ ಸಿಕ್ಕಿತು, ಪ್ರಾಣಿಗಳಿಗೆ ಕೊಡುವ ಶೌರ್ಯ ಪದಕ ಅದು. ಕುರುಡರಿಗೆ ದಾರಿ ತೋರುವ ನಾಯಿಗಳ ಕಥೆಯೂ ಹೀಗೇ. 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ, ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಶಾಲೆ ತೆರೆದ ಕಾಲಕ್ಕೆ ಆ ಕೆಲಸ ಜರ್ಮನ್ ಶೆಫರ್ಡ್‌ಗಳದು. ಈಗ ಬಹುತೇಕ ಕಡೆ ಲ್ಯಾಬ್, ಇಲ್ಲವೇ ಲ್ಯಾಬ್ ಮತ್ತು ಗೋಲ್ಡನ್ ರಿಟ್ರೀವರ್ ತಳಿಯ ಬೆರಕೆ. ಒಬ್ಬರ ಮನೆಯಲ್ಲಿ ಬೆಳೆದು, ಇನ್ನೊಬ್ಬರ ಹತ್ತಿರ ಕಲಿತು, ಮೂರನೆಯವರ ಜೊತೆ ಬಾಳಬೇಕಾದ ನಾಯಿ ಅದು. ಒಬ್ಬನನ್ನೇ ಹಚ್ಚಿಕೊಂಡು ಕೊರಗುವ ನಾಯಿ ಅಲ್ಲಿ ನಡೆಯುವುದಿಲ್ಲ.

ಇದರ ಇನ್ನೊಂದು ಮುಖ, ಕಾವಲಿಗೆ ಇವನು ಶುದ್ಧ ದಂಡ. ಕಳ್ಳ ಬಂದರೆ ಕೀಲಿ ತಂದುಕೊಡುತ್ತಾನೆ. ಕೂದಲು ಮನೆ ತುಂಬ. ಸೊಂಟ ಮತ್ತು ಮೊಣಕೈ ಕೀಲಿನ ದೋಷ ಈ ತಳಿಯಲ್ಲಿ ವಂಶದಿಂದ ಬರುತ್ತೆ, ಮರಿ ತರುವ ಮೊದಲು ತಂದೆ ತಾಯಿ ನಾಯಿಗಳ ಎಕ್ಸ್‌ರೇ ವರದಿ ಕೇಳಿ. ತೋರಿಸಲು ಹಿಂದೆಮುಂದೆ ನೋಡಿದರೆ ಬೇರೆ ಕಡೆ ಹುಡುಕಿ.

ಈಗಿನ ತಲೆನೋವು

ಕರಿಯ ವ್ಯಾಪಾರ ಶುರು ಮಾಡಿದ್ದಾನೆ. ಬಿದ್ದದ್ದನ್ನು ತಂದರೆ ಕೂಲಿ ಅಂತ ಗೊತ್ತಾಯಿತಲ್ಲ, ಈಗ ಬೀಳದ್ದನ್ನೂ ತರುತ್ತಾನೆ. ರಿಮೋಟು, ದಿಂಬು, ನನ್ನ ಒಂದು ಶೂ. ಮೊನ್ನೆ ಮೇಜಿನ ಅಂಚಿನಲ್ಲಿದ್ದ ಕನ್ನಡಕದ ಪೆಟ್ಟಿಗೆಯನ್ನು ಮೂಗಿನಿಂದ ಮೆಲ್ಲಗೆ ತಳ್ಳಿ ಕೆಡವಿ, ಅಮ್ಮನ ಕಡೆ ಒಂದು ಸಲ ನೋಡಿ, ಎತ್ತಿ ತಂದುಕೊಟ್ಟ. ಅಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಕೂಲಿಯನ್ನೂ ಕೊಟ್ಟುಬಿಟ್ಟರು.

ಈಗಿನ ನಿಯಮ ಹೀಗಿದೆ. ಅಮ್ಮ ಬೆರಳು ತೋರಿಸಿ "ತಗೊಂಡು ಬಾ" ಅಂದರೆ ಮಾತ್ರ ಕೂಲಿ. ತಾನಾಗಿ ತಂದದ್ದನ್ನು ಮಾತಿಲ್ಲದೆ ಇಸಿದುಕೊಂಡು ಪಕ್ಕಕ್ಕಿಡುವುದು, ಬೈಯುವುದು ಬೇಡ, ಬೈದರೆ ತರುವುದನ್ನೇ ನಿಲ್ಲಿಸುತ್ತಾನೆ. ಹೀಗಾದರೆ ಕೀಲಿ ಬಿದ್ದ ಸದ್ದಿಗೆ ತಾನೇ ಎದ್ದು ಹೋಗುವುದು ಸ್ವಲ್ಪ ಮಂಕಾಗಬಹುದು, ಅದಕ್ಕೇ ಕೀಲಿಯೊಂದಕ್ಕೆ ವಿನಾಯಿತಿ ಕೊಟ್ಟಿದ್ದೇನೆ. ಮೇಜಿನ ಅಂಚಿನಿಂದ ಎಲ್ಲವನ್ನೂ ಒಳಕ್ಕೆ ಸರಿಸಿದ್ದೂ ಆಯಿತು. ಇದು ಗಟ್ಟಿಯಾದ ಮೇಲೆ ಲವಂಗದ ಡಬ್ಬಿಯನ್ನು ಬಯಲಿಗೆ ಒಯ್ಯುವುದು, ಗಾಳಿಯಲ್ಲಿ ಹುಡುಕಿಸುವುದು.