ಮಗಳಿಗಾಗಿ ಎರಡು ಶಾಲೆ ನೋಡಿಬಂದೆ

ಬರುವ ಜೂನ್‌ಗೆ ಮಗಳು ಒಂದನೇ ತರಗತಿ. ಸಾಗರ ತಾಲ್ಲೂಕಿನ ನಮ್ಮ ಮನೆಯಿಂದ ನಡೆದೇ ಹೋಗಬಹುದಾದ ಸರ್ಕಾರಿ ಶಾಲೆಗಳು ಎರಡು. ಕಳೆದ ವಾರ ಎರಡರಲ್ಲೂ ಒಂದೊಂದು ಬೆಳಗು ಕುಳಿತು ನೋಡಿಬಂದೆ.

ಹತ್ತಿರದ ಶಾಲೆಯಲ್ಲಿ 17 ಮಕ್ಕಳು, ಒಬ್ಬರೇ ಶಿಕ್ಷಕಿ. 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೂ ಇಬ್ಬರು ಶಿಕ್ಷಕರು ಇರಲೇಬೇಕು ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆ. ಇಲ್ಲಿ ಇನ್ನೊಂದು ಹುದ್ದೆ ಖಾಲಿ. ಆದರೆ ಆ ಶಿಕ್ಷಕಿಯ ತಾಳ್ಮೆಯನ್ನು ನೋಡಬೇಕು! ನಲಿ-ಕಲಿ ಕೋಣೆಯಲ್ಲಿ 1ರಿಂದ 3ನೇ ತರಗತಿಯ ಮಕ್ಕಳು ನೆಲದ ಮೇಲೆ ಗುಂಪುಗುಂಪಾಗಿ ಕುಳಿತಿದ್ದರು. ಮೂರನೇ ತರಗತಿಯ ಹುಡುಗಿಯೊಬ್ಬಳು ಹುಣಸೆಬೀಜಗಳನ್ನು ಹತ್ತರ ಗುಡ್ಡೆ ಮಾಡಿ ಪುಟ್ಟ ಹುಡುಗನಿಗೆ ಎಣಿಕೆ ಹೇಳಿಕೊಡುತ್ತಿದ್ದಳು. ಹನ್ನೊಂದಕ್ಕೆ ಬಂದು ಅವನು ತಡವರಿಸಿದ. ಅವಳು ಉತ್ತರ ಹೇಳಲಿಲ್ಲ, ಕಾದಳು. ಶಿಕ್ಷಕಿಯನ್ನು ನೋಡಿಯೇ ಕಲಿತ ಕಾಯುವಿಕೆ ಅದು.

ಇನ್ನೊಂದು ಶಾಲೆ ದೊಡ್ಡದು. ಐವರು ಶಿಕ್ಷಕರು, ಕಾಂಪೌಂಡ್, ಪುಸ್ತಕದ ಬೀರುಗಳು, ರುಚಿಯಾದ ಬಿಸಿಯೂಟ. ಆದರೆ ಹೆಣ್ಣುಮಕ್ಕಳ ಶೌಚಾಲಯಕ್ಕೆ ಚಿಲಕವಿಲ್ಲ. ಒಬ್ಬಳು ಒಳಗೆ ಹೋದರೆ ಗೆಳತಿ ಬಾಗಿಲು ಹಿಡಿದು ನಿಲ್ಲಬೇಕು. ಅದನ್ನು ಕಂಡು ಹೊಟ್ಟೆ ಉರಿಯಿತು.

ಮಗಳನ್ನು ಹತ್ತಿರದ ಶಾಲೆಗೇ ಸೇರಿಸುತ್ತೇನೆ. ಎರಡನೇ ಶಿಕ್ಷಕರನ್ನು ಕೇಳಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಅರ್ಜಿ ಬರೆದಿದ್ದೇನೆ. ಸೋಮವಾರ ಪೋಷಕರ ಸಹಿ ಹಾಕಿಸಬೇಕು.