ಆಲೆಮನೆಯ ಹೊಗೆಗೆ ನಮ್ಮ ಲೆಕ್ಕದಲ್ಲಿ ಜಾಗವಿರಲಿಲ್ಲ

ಆಹಾರ ಪದಾರ್ಥಗಳ ಪರಿಸರ ಲೆಕ್ಕ ಹಾಕುವುದು ನನ್ನ ಕೆಲಸ. ಹೊಲದಿಂದ ಹಿಡಿದು ಪ್ಯಾಕೆಟ್ಟು ಅಂಗಡಿ ಸೇರುವವರೆಗೆ ಎಷ್ಟು ಗೊಬ್ಬರ, ನೀರು, ಕರೆಂಟು, ಡೀಸೆಲ್, ಉರುವಲು ಹೋಯಿತು ಎಂದು ಕೂಡಿಸಿ, ಕೊನೆಗೆ ಎ ಇಂದ ಇ ವರೆಗಿನ ಒಂದು ಅಕ್ಷರ ಕೊಡುತ್ತೇವೆ; ಎ ಎಲ್ಲಕ್ಕಿಂತ ಒಳ್ಳೆಯದು, ಇ ಎಲ್ಲಕ್ಕಿಂತ ಕೆಟ್ಟದ್ದು. 2021ರಲ್ಲಿ ಫ್ರಾನ್ಸಿನಲ್ಲಿ ಶುರುವಾದ ಇಕೋ-ಸ್ಕೋರ್ ಇದೇ ಬಗೆಯದು. ಅದರ ಬೆನ್ನಿಗೆ ಅಗ್ರಿಬಲೀಸ್ ಎಂಬ ದೊಡ್ಡ ಅಂಕಿಅಂಶಗಳ ಕಣಜವಿದೆ, ಸುಮಾರು 2,500 ಆಹಾರಗಳ ಲೆಕ್ಕ ಅದರಲ್ಲಿದೆ. ನಮಗೆ ಅಂಥದ್ದಿಲ್ಲ. ಆದ್ದರಿಂದ ನಾವು ಫಾರಂ ಕಳಿಸುತ್ತೇವೆ, ತಯಾರಿಸುವವರು ತುಂಬಿ ಕೊಡುತ್ತಾರೆ.

ಕೆಲವು ವರ್ಷದ ಹಿಂದೆ ಬೆಂಗಳೂರಿನ ಒಂದು ಕಂಪನಿ ಬೆಲ್ಲದ ಪುಡಿಗೆ ಅಕ್ಷರ ಬೇಕೆಂದು ಬಂತು. ಮಂಡ್ಯ ಕಡೆಯ ಮೂರು ಆಲೆಮನೆಗಳಿಂದ ಅವರು ಬೆಲ್ಲ ತರಿಸುತ್ತಿದ್ದರು. 'ಹತ್ತಿರದಿಂದ ಬರುತ್ತದೆ, ಆದ್ದರಿಂದ ಪರಿಸರಕ್ಕೆ ಒಳ್ಳೆಯದು' ಎಂದು ಪ್ಯಾಕೆಟ್ಟಿನ ಮೇಲೆ ದೊಡ್ಡದಾಗಿ ಹಾಕಬೇಕೆಂಬ ಆಸೆ ಅವರಿಗೆ. ಲೆಕ್ಕ ಹಾಕಿದರೆ ನೂರು ಕಿಲೋಮೀಟರ್ ಲಾರಿ ಪ್ರಯಾಣ ಕೆ.ಜಿ. ಬೆಲ್ಲಕ್ಕೆ ಸುಮಾರು 10 ಗ್ರಾಂ ಇಂಗಾಲದ ಡೈಆಕ್ಸೈಡ್ ಸೇರಿಸುತ್ತಿತ್ತು, ಅಷ್ಟೇ. ಭಾರ ಇದ್ದದ್ದು ಗದ್ದೆಯಲ್ಲಿ. ಎಕರೆಗೆ ಐದು ಮೂಟೆ ಯೂರಿಯಾ ಎಂದರೆ, 45 ಕೆ.ಜಿ. ಮೂಟೆಯ ಲೆಕ್ಕದಲ್ಲಿ, ಹೆಚ್ಚುಕಮ್ಮಿ 100 ಕೆ.ಜಿ. ಸಾರಜನಕ. ಅದರಲ್ಲಿ ನೂರಕ್ಕೆ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ ಎಂದು ಹಿಡಿಯುವುದು ವಾಡಿಕೆ. ಆ ಅನಿಲದ ಒಂದು ಕೆ.ಜಿ. ನೂರು ವರ್ಷದ ಅವಧಿಯಲ್ಲಿ 273 ಕೆ.ಜಿ. ಇಂಗಾಲದ ಡೈಆಕ್ಸೈಡಿನಷ್ಟು ಬಿಸಿ ಹೆಚ್ಚಿಸುತ್ತದೆ. ಎಕರೆಗೆ 40 ಟನ್ ಕಬ್ಬು, ಟನ್ನಿಗೆ 100 ಕೆ.ಜಿ. ಬೆಲ್ಲ ಎಂದುಕೊಂಡರೆ ಕೆ.ಜಿ.ಗೆ 100 ಗ್ರಾಂ ದಾಟುತ್ತದೆ. ಲಾರಿಯ ಹತ್ತರಷ್ಟು! ಆ ಯೂರಿಯಾ ತಯಾರಾಗುವಾಗ ಉರಿದ ನೈಸರ್ಗಿಕ ಅನಿಲದ ಲೆಕ್ಕ ಬೇರೆ. ಕೂಳೆ ಬಿಡುವ, ಅಂದರೆ ಕಡಿದ ಬುಡದಿಂದಲೇ ಮರುಬೆಳೆ ಚಿಗುರಲು ಬಿಡುವ ಮೊದಲು ಗದ್ದೆಯಲ್ಲೇ ತರಗಿಗೆ (ಕಬ್ಬಿನ ಒಣ ಗರಿಗೆ) ಬೆಂಕಿ ಕೊಟ್ಟರೆ ಅದೂ ಬೇರೆ.

ಇದನ್ನು ಕಂಪನಿಯವರಿಗೆ ಬಿಡಿಸಿ ಹೇಳಿದಾಗ ನನಗೆ ಸಮಾಧಾನವಾಗಿತ್ತು. ಹತ್ತಿರದ್ದೆಲ್ಲ ಒಳ್ಳೆಯದು ಎಂಬ ನಂಬಿಕೆಯನ್ನು ಅಂಕಿ ಇಟ್ಟು ಸರಿಪಡಿಸಿದೆನಲ್ಲ ಎಂದು.

ಉರುವಲಿನ ಕಾಲಮ್ಮಿನಲ್ಲಿ ಮೂರೂ ಆಲೆಮನೆಯವರು 'ಕಬ್ಬಿನ ಸಿಪ್ಪೆ' ಎಂದು ಬರೆದಿದ್ದರು. ಗಾಣಕ್ಕೆ ಹಾಕಿ ಹಾಲು ತೆಗೆದ ಮೇಲೆ ಉಳಿಯುವ ಸಿಪ್ಪೆಯನ್ನು ಒಣಗಿಸಿ, ಅದರಿಂದಲೇ ಕೊಪ್ಪರಿಗೆ ಕಾಯಿಸುವುದು ನಮ್ಮಲ್ಲಿ ತಲೆಮಾರುಗಳಿಂದ ಬಂದ ಪದ್ಧತಿ. ಕಲ್ಲಿದ್ದಲು ಬೇಡ, ಡೀಸೆಲ್ ಬೇಡ. ಸಿಪ್ಪೆ ಉರಿದಾಗ ಹೊರಬರುವ ಇಂಗಾಲ ಅದೇ ವರ್ಷ ಕಬ್ಬು ಗಾಳಿಯಿಂದ ಹೀರಿದ್ದು, ಹಾಗಾಗಿ ಲೆಕ್ಕದಲ್ಲಿ ಅದಕ್ಕೆ ಸೊನ್ನೆ. ಅಕ್ಷರ ಬಿ ಬಂತು. ವರದಿಯ ಕರಡು ಸಿದ್ಧವಾಯಿತು.

ಒಂದು ಆಲೆಮನೆಯನ್ನಾದರೂ ಕಣ್ಣಾರೆ ನೋಡಬೇಕು ಎಂಬುದು ನಮ್ಮ ನಿಯಮ. ನಾನು ಹೋದದ್ದು ಜುಲೈನಲ್ಲಿ, ಮೂರು ದಿನದಿಂದ ಬಿಡದೆ ಮಳೆ ಹಿಡಿದಿತ್ತು. ಸಾಮಾನ್ಯವಾಗಿ ಮಳೆ ನಿಂತ ಮೇಲೆ ಹೋಗುತ್ತಿದ್ದೆವು, ಆ ಸಲ ಬೇರೆ ದಿನ ಸಿಗಲಿಲ್ಲ. ದೂರದಿಂದಲೇ ಹೊಗೆ ಕಂಡಿತು. ಬೆಲ್ಲ ಕಾಯಿಸುವ ಕಡೆ ಬರುವ ಸಿಹಿ ವಾಸನೆಯ ಬದಲು ರಬ್ಬರ್ ಸುಟ್ಟ ವಾಸನೆ. ಅಂಗಳದಲ್ಲಿ ಸಿಪ್ಪೆಯ ರಾಶಿ ನೀರು ಕುಡಿದು ಬಿದ್ದಿತ್ತು. ಒಲೆಯ ಬಾಯಿಯ ಪಕ್ಕದಲ್ಲಿ ತುಂಡು ಮಾಡಿದ ಹಳೆ ಟೈರುಗಳಿದ್ದವು.

ಯಜಮಾನರು ಏನನ್ನೂ ಮುಚ್ಚಿಡಲಿಲ್ಲ. "ಸಿಪ್ಪೆ ನೆಂದೋಗದೆ ಕಣವ್ವ. ಉರಿ ಹತ್ಬೇಕಲ್ಲ? ಕೊಪ್ಪರಿಗೇಲಿ ಹಾಲು ಬಿಟ್ ಮೇಲೆ ನಿಲ್ಸಕಾಯ್ತದಾ?" ಎಂದರು.

"ಫಾರಮ್ಮಿನಲ್ಲಿ ಸಿಪ್ಪೆ ಅಂತ ಬರೆದಿದ್ರಲ್ಲ ಯಜಮಾನ್ರೇ" ಎಂದೆ.

"ಸಿಪ್ಪೇನೇ ಹಾಕದು. ಮಳೇಲಿ ಏನ್ ಮಾಡ್ತೀರಿ ಅಂತ ನೀವು ಕೇಳ್ನಿಲ್ವಲ್ಲ."

ಹೌದು, ಕೇಳಿರಲಿಲ್ಲ. 'ಮುಖ್ಯ ಉರುವಲು ಯಾವುದು' ಎಂದು ಕೇಳಿದ್ದೆವು. ಅದಕ್ಕೆ ಅವರು ಸತ್ಯವನ್ನೇ ಬರೆದಿದ್ದರು. ಹಿಂಡಿದ ಹಾಲು ಬೇಗ ಹುಳಿಯುತ್ತದೆ, ಕಡಿದ ಕಬ್ಬು ಕಾಯುವುದಿಲ್ಲ. ಉರಿ ಇಲ್ಲವೆಂದರೆ ಆ ದಿನದ ಕಬ್ಬಿನ ದುಡ್ಡು ಹೋದಂತೆ. ಒಲೆಯ ಮುಂದೆ ಕೂತು ಉರಿ ಹಾಕುತ್ತಿದ್ದವನು ಉತ್ತರ ಪ್ರದೇಶದಿಂದ ಬಂದಿದ್ದ ಯುವಕ. ಮೂಗಿಗೆ ಟವೆಲ್ಲು ಸುತ್ತಿಕೊಂಡಿದ್ದ. ನಾನು ಅಲ್ಲಿ ನಿಂತದ್ದು ಅರ್ಧ ಗಂಟೆ. ಎರಡು ದಿನ ನನ್ನ ಗಂಟಲು ಕಟ್ಟಿತ್ತು.

ಆಫೀಸಿಗೆ ಬಂದು ಟೈರಿನ ತೂಕ ಸೇರಿಸಿ ಹೊಸದಾಗಿ ಲೆಕ್ಕ ಹಾಕಿದೆ. ಟೈರು ಬೇಕಾಗುವುದು ಮಳೆಯ ದಿನಗಳಲ್ಲಿ ಉರಿ ಹತ್ತಿಸಲು ಮಾತ್ರ, ಅದನ್ನು ವರ್ಷದ ಬೆಲ್ಲಕ್ಕೆಲ್ಲ ಹಂಚಿದರೆ ಕೆ.ಜಿ.ಗೆ ಬರುವುದು ಕೆಲವೇ ಗ್ರಾಂ. ಅಕ್ಷರ ಬಿ ಆಗಿಯೇ ಉಳಿಯಿತು.

ನನ್ನ ಕೆಲಸದ ಬಗ್ಗೆ ನನಗೆ ನಿಜವಾಗಿ ಭಯವಾದದ್ದು ಆಗ. ನನ್ನ ಲೆಕ್ಕದಲ್ಲಿ ತಪ್ಪಿರಲಿಲ್ಲ, ಆದರೂ ಆ ಹೊಗೆ ಅದರೊಳಗೆ ಎಲ್ಲೂ ಇರಲಿಲ್ಲ. ನಮ್ಮ ಅಕ್ಷರದಲ್ಲಿ ಹವಾಮಾನಕ್ಕೆ ತೂಕ ಹೆಚ್ಚು, ನೀರಿಗೆ ಸ್ವಲ್ಪ, ಮಸಿಗೆ ಮತ್ತು ವಿಷಕ್ಕೆ ಏನೂ ಇರಲಿಲ್ಲ. ಯುರೋಪಿನ ಒಕ್ಕೂಟದ ಪದ್ಧತಿಯಲ್ಲಿ 16 ಬಗೆಯ ಪರಿಣಾಮಗಳನ್ನು ಬೇರೆ ಬೇರೆಯಾಗಿ ಅಳೆಯುತ್ತಾರೆ. ಗಾಳಿಯ ಸೂಕ್ಷ್ಮ ಕಣಗಳು, ಮನುಷ್ಯರಿಗೆ ತಗಲುವ ವಿಷ ಅವುಗಳಲ್ಲಿ ಸೇರಿವೆ. ಕೆಲಸ ಹಗುರವಾಗಲಿ ಎಂದು ನಾವು ಬಿಟ್ಟಿದ್ದದ್ದು ಅವನ್ನೇ.

'ಅಕ್ಷರ ಬದಲಾಗಿಲ್ಲವಲ್ಲ, ಕಳಿಸಿಬಿಡೋಣ' ಎಂಬ ಮಾತು ಆಫೀಸಿನಲ್ಲಿ ಬಂತು. ನಾನು ಸಹಿ ಹಾಕಲಾರೆ ಎಂದೆ. ಎರಡು ವಾರ ಚರ್ಚೆ ನಡೆಯಿತು. 2024ರ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಬಂದ ಮೇಲೆ ಆಧಾರವಿಲ್ಲದೆ 'ಪರಿಸರಸ್ನೇಹಿ' ಎಂದು ಹೇಳಿಕೊಳ್ಳುವಂತಿಲ್ಲ. ಇವತ್ತಾಗಿದ್ದರೆ ನನ್ನ ವಾದಕ್ಕೆ ಆ ಬಲ ಇರುತ್ತಿತ್ತು. ಆಗ ನನ್ನ ಹತ್ತಿರ ಇದ್ದದ್ದು ಫೋನಿನಲ್ಲಿ ತೆಗೆದ ನಾಲ್ಕು ಫೋಟೊ ಮಾತ್ರ.

ಕೊನೆಗೆ ಆ ಫೋಟೊಗಳನ್ನು ಕಂಪನಿಯವರ ಮುಂದಿಟ್ಟೆವು. ಅವರು ಸುಮ್ಮನೆ ನೋಡಿದರು. ಆಮೇಲೆ ಒಬ್ಬರು ಕೇಳಿದ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ: "ಸಿಪ್ಪೆ ನೆನೆಯದ ಹಾಗೆ ಇಡೋಕೆ ಏನು ಬೇಕು?" ಬೇಕಾದದ್ದು ತಗಡಿನ ಚಾವಣಿ, ಅಷ್ಟೇ. ಬೆಲ್ಲದ ದುಡ್ಡಿನಲ್ಲಿ ಹಿಡಿದುಕೊಳ್ಳುವ ಮಾತಿನ ಮೇಲೆ ಮುಂಗಡ ಕೊಟ್ಟು ಆ ಒಂದು ಆಲೆಮನೆಗೆ ಶೆಡ್ ಹಾಕಿಸಿದರು. ಉಳಿದ ಎರಡರ ಯಜಮಾನರು ಸಾಲದ ಮೇಲೆ ಸಾಲ ಬೇಡವೆಂದರು. ಅವರ ನಿರ್ಧಾರವನ್ನು ತಪ್ಪೆನ್ನಲು ನನಗೆ ಬಾಯಿ ಬರಲಿಲ್ಲ. ಅವರ ಬೆಲ್ಲ ಅಕ್ಷರವಿಲ್ಲದೆ ಬೇರೆ ಪ್ಯಾಕೆಟ್ಟಿನಲ್ಲಿ ಮಾರಾಟವಾಗುತ್ತಿದೆ.

ನಮ್ಮ ಫಾರಂ ಈಗ ಉದ್ದವಾಗಿದೆ. 'ಮಳೆಗಾಲದಲ್ಲಿ ಸಿಪ್ಪೆ ಎಲ್ಲಿಡುತ್ತೀರಿ', 'ನೆಂದರೆ ಏನು ಹಾಕುತ್ತೀರಿ', 'ಒಲೆಯ ಮುಂದೆ ಯಾರು, ದಿನಕ್ಕೆ ಎಷ್ಟು ಹೊತ್ತು ಕೂರುತ್ತಾರೆ' ಎಂದು ಕೇಳುತ್ತೇವೆ. ಸೂಕ್ಷ್ಮ ಕಣಗಳಿಗೆ ಅಂಕ ಸೇರಿಸಿದ್ದೇವೆ. ಅದರಿಂದ ಒಣ ಸಿಪ್ಪೆಯ ಹೊಗೆಗೂ ಅಂಕ ಕಳೆಯುತ್ತದೆ, ಶೆಡ್ ಹಾಕಿಸಿದ ಬೆಲ್ಲ ಕೂಡ ಬಿ ಇಂದ ಸಿ ಗೆ ಇಳಿಯಿತು. ಕಂಪನಿಯವರು ಬೇಸರಪಟ್ಟುಕೊಂಡರೂ ಸಿ ಎಂದೇ ಅಚ್ಚು ಹಾಕಿಸಿದರು.

ಕಳೆದ ಮಳೆಗಾಲದಲ್ಲಿ ಹೇಳದೆ ಕೇಳದೆ ಮತ್ತೆ ಹೋಗಿದ್ದೆ. ಶೆಡ್ಡಿನ ಕೆಳಗೆ ಸಿಪ್ಪೆ ಒಣಗಿ ಹಳದಿಯಾಗಿತ್ತು. ಯಜಮಾನರು ಬಿಸಿ ಬೆಲ್ಲದ ಪಾಕವನ್ನು ಎಲೆಯ ಮೇಲೆ ಹಾಕಿ ಕೊಟ್ಟು, "ಈ ಸಲ ಏನ್ ಕೇಳಕ್ ಬಂದ್ರಿ?" ಎಂದರು. ತರಗಿಗೆ ಬೆಂಕಿ ಹಾಕುವ ವಿಷಯ ಎಂದೆ. "ಕೂತ್ಕಳಿ, ಅದು ದೊಡ್ ಕತೆ" ಎಂದು ಚಾಪೆ ಹಾಸಿದರು.